ತುಳಸಿ ಕಟ್ಟೆಯ ಅರ್ಥಿಂಗ್

ಹಳೇ ಸಾಮಾನು ಕೊಳ್ಳುವ ಭಂಗಾರಿನವನು ನಮ್ಮ ಓಣಿಗೆ ಬಂದರೆ ಅವನನ್ನು ಬರಿಗೈಯಲ್ಲಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಪಾಪ, ಬಿಸಿಲಲ್ಲಿ ಗಾಡಿ ತಳ್ಳುತ್ತ ಬಂದಿರುತ್ತಾನೆ. ಅವನ ಗಾಡಿ ತುಂಬುತ್ತದೆ, ನಮ್ಮ ಅಟ್ಟ ಹಗುರಾಗುತ್ತದೆ, ದೇವರು ಇಬ್ಬರಿಗೂ ಒಂದೇ ಸಲ ಒಳ್ಳೆಯದು ಮಾಡಿದಂತಾಗುತ್ತದೆ. ಹೋದ ವಾರ ಅಟ್ಟದಿಂದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಇಳಿಸಿದೆ. ನೀರು ತುಂಬಿಡುವ ಡ್ರಮ್ಮೇ. ಆದರೆ ಬಾಣಂತಿಯ ಹೊಟ್ಟೆಗೆ ಸೀರೆ ಬಿಗಿದು ಸುತ್ತಿದ ಹಾಗೆ ಅದರ ಮೈತುಂಬ ತಾಮ್ರದ ತಂತಿ ಸುತ್ತಿತ್ತು. ಭಂಗಾರಿನವನು ಅದನ್ನು ಬಡಿದು ನೋಡಿದ, ಬಗ್ಗಿ ಒಳಗೆ ಇಣುಕಿದ.

"ಅಮ್ಮಾರ, ಇದು ಏನು ಮಿಷಿನ್ರೀ?"

"ರೇಡಿಯೋ," ಎಂದೆ.

ಅವನು ಡ್ರಮ್ಮನ್ನು ನೋಡಿದ, ನನ್ನನ್ನು ನೋಡಿದ. "ಸೆಲ್ಲು ಎಲ್ಲಿ ಹಾಕ್ತಾರ್ರೀ?"

"ಸೆಲ್ಲು ಇಲ್ಲಪ್ಪಾ. ತುಳಸಿಗೆ ನೀರು ಹಾಕಬೇಕು."

ಅವನು, ಕಣ್ಣೆದುರಿಗೆ ಅಷ್ಟು ತಾಮ್ರ ಇದ್ದರೂ, "ಸಾಹೇಬ್ರಿಗೆ ಕೇಳಿ ಇಡ್ರಿ, ಮತ್ತೊಮ್ಮೆ ಬರ್ತೇನಿ," ಎಂದವನೇ ಗಾಡಿ ತಳ್ಳಿಕೊಂಡು ಹೋಗಿಬಿಟ್ಟ. ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ನಾನು ಉಳಿದದ್ದು ಏನು ಹೇಳಿದರೂ ಜನ ತಲೆದೂಗುತ್ತಾರೆ, ಈ ಡ್ರಮ್ಮಿನ ವಿಷಯದಲ್ಲಿ ನಿಜ ಹೇಳಿದಾಗ ಮಾತ್ರ ಯಾರೂ ನಂಬುವುದಿಲ್ಲ. ನೀವಾದರೂ ನಂಬುತ್ತೀರಿ ಎಂದು ಹೇಳುತ್ತೇನೆ.

ನಮ್ಮ ಮನೆಯವರು ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅದು ಸಂಬಳಕ್ಕೆ. ಜೀವಕ್ಕೆ ಅಂತ ಅವರು ಹಚ್ಚಿಕೊಂಡದ್ದು ಹ್ಯಾಮ್ ರೇಡಿಯೋ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ತೆಗೆದುಕೊಂಡು, ಮನೆಯಲ್ಲೇ ರೇಡಿಯೋ ಕಟ್ಟಿಕೊಂಡು, ಗುರುತಿಲ್ಲದ ಊರಿನ ಗುರುತಿಲ್ಲದವರ ಜೊತೆ ಹವಾಮಾನದ ಬಗ್ಗೆ ಮಾತಾಡುವುದು. 'ಕಲಬುರಗಿಯಲ್ಲಿ ಬಿಸಿಲು' ಎಂದು ಇವರು ಹೇಳುವುದು, 'ನಮ್ಮಲ್ಲಿ ಮೋಡ' ಎಂದು ಅವರು ಹೇಳುವುದು, ಇಬ್ಬರಿಗೂ ಪರಮಾನಂದ. ಆ ಪರವಾನಗಿಗೆ ಚೌಕಟ್ಟು ಹಾಕಿಸಿ ದೇವರ ಮನೆಯ ಬಾಗಿಲ ಪಕ್ಕ ನೇತುಹಾಕಿದ್ದರು. ಮನೆಗೆ ಬಂದ ಹೊಸಬರು ದೇವರಿಗೆ ಕೈಮುಗಿದು, ಬಿಟ್ಟರೆ ತಪ್ಪಾದೀತೆಂದು ಅದಕ್ಕೂ ಮುಗಿದು ಹೋಗುತ್ತಿದ್ದರು.

ಈ ಹುಚ್ಚು ಅವರಿಗೆ ಹತ್ತಿದ್ದು ಅವರ ಅಣ್ಣನಿಂದ, ಅಂದರೆ ನಮ್ಮ ಭಾವನವರಿಂದ. ಭಾವ ಕಮಲಾಪುರದವರು, ಕೆಲಸದಲ್ಲಿದ್ದಷ್ಟು ದಿನ ತಾರು, ಅಂದರೆ ಟೆಲಿಗ್ರಾಂ ಕಳಿಸುವ ಕೆಲಸ ಮಾಡಿದವರು. ಚುಕ್ಕಿ ಗೀಟುಗಳ ಆ ಸಂಕೇತದ ಭಾಷೆ ಅವರಿಗೆ ಕನ್ನಡ ಮರಾಠಿಯಷ್ಟೇ ಸಲೀಸು. ತಂದೆ ಹೋದಾಗ ನಮ್ಮವರಿನ್ನೂ ಶಾಲೆಗೆ ಹೋಗುವ ವಯಸ್ಸು. ಉಪನಯನ ಮಾಡಿಸಿದವರು, ಓದಿಸಿದವರು, ರೇಡಿಯೋ ಕೈಗಿಟ್ಟವರು, ಕಡೆಗೆ ನನ್ನನ್ನು ನೋಡಿ ಒಪ್ಪಿದವರು ಎಲ್ಲ ಭಾವನೇ.

ತಾರು ಎಂದ ಕೂಡಲೇ ನನಗೆ ನನ್ನ ತವರುಮನೆ ನೆನಪಾಗುತ್ತದೆ. ನಾನು ಸಣ್ಣವಳಿದ್ದಾಗ ತಾರು ಬಂತೆಂದರೆ ಸಾವು ಬಂತೆಂದೇ ಲೆಕ್ಕ. ಒಮ್ಮೆ ತಾರಿನವನು ನಮ್ಮ ಬಾಗಿಲ ಮುಂದೆ ಸೈಕಲ್ ನಿಲ್ಲಿಸಿದ. ಅವ್ವ ಅದನ್ನು ಒಡೆಯುವ ಮೊದಲೇ ಅಳಲು ಹತ್ತಿದಳು, ಪಕ್ಕದ ಮನೆಯವರು ಬಂದು ಜೊತೆಗೂಡಿದರು, ಓದಿ ಹೇಳುವ ಗಂಡಸರು ಬರುವಷ್ಟರಲ್ಲಿ ಹೆಂಗಸರೆಲ್ಲ ಸೂತಕದ ತಣ್ಣೀರು ಸ್ನಾನ ಮುಗಿಸಿದ್ದರು. ಒಡೆದು ನೋಡಿದರೆ ಸೋದರಮಾವನಿಗೆ ನೌಕರಿ ಸಿಕ್ಕಿತ್ತು. 'ಸ್ನಾನ ಹ್ಯಾಂಗೂ ಆಗೇದ, ಪಾಯಸ ಮಾಡಿಬಿಡ್ರಿ,' ಎಂದಳು ಅಜ್ಜಿ. ನಮ್ಮ ಮನೆತನದಲ್ಲಿ ಏನೂ ದಂಡವಾಗುವುದಿಲ್ಲ.

ಇರಲಿ, ಭಾವನ ಮಾತಿಗೆ ಬರುತ್ತೇನೆ. ಅಣ್ಣ ತಮ್ಮ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ, ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ನಮ್ಮ ಮಾವನವರು ತೀರಿಕೊಂಡದ್ದು ವೈಶಾಖದ ಏಕಾದಶಿಯಂದು. ಏಕಾದಶಿಗೆ ನಮ್ಮಲ್ಲಿ ಉಪವಾಸ, ಅವತ್ತು ಶ್ರಾದ್ಧವಿಲ್ಲ. ಮರುದಿನ ದ್ವಾದಶಿಗೆ ಮಾಡುತ್ತೇವೆ. ಇಷ್ಟು ಸರಳ. ಆದರೆ ಏಕಾದಶಿ ಯಾವತ್ತು ಎನ್ನುವುದು ಸರಳವಲ್ಲ. ಒಂದು ಮಠದ ಪಂಚಾಂಗ ಶನಿವಾರ ಎಂದರೆ ಇನ್ನೊಂದು ಮಠದ್ದು ರವಿವಾರ ಎನ್ನುತ್ತದೆ. ಭಾವ ಮನೆತನದ ಹಳೇ ಪಂಚಾಂಗದವರು. ನಮ್ಮವರು ಜೇವರ್ಗಿ ಕಾಲೋನಿಯ ಗುಡಿಯ ಆಚಾರ್ಯರು ಕೊಟ್ಟ ಪಂಚಾಂಗಕ್ಕೆ ಗಂಟುಬಿದ್ದವರು, ಅದರ ಗಣಿತ ಚೊಕ್ಕ ಇದೆಯಂತೆ. ಜಗಳವಾದ ವರ್ಷ ಕಮಲಾಪುರದಲ್ಲಿ ಭಾವನ ದ್ವಾದಶಿ ಬಿದ್ದ ದಿನ ಇವರದು ಏಕಾದಶಿ. ಭಾವ ಶ್ರಾದ್ಧ ಮುಗಿಸಿ ತಮ್ಮನಿಗೆ ಪಕ್ಕದಲ್ಲಿ ಎಲೆ ಹಾಕಿಸಿದರು. ಇವರು ಎಲೆಯ ಮುಂದೆ ಕೂತು, "ಇವತ್ತು ನನಗ ನಿರಾಹಾರ," ಎಂದರು.

"ಅಪ್ಪನ ಶ್ರಾದ್ಧದ ಎಲಿ ಮುಂದ ಕೂತು ಉಣ್ಣಂಗಿಲ್ಲ ಅಂತೀಯೇನು?" ಎಂದರು ಭಾವ.

"ಅಪ್ಪ ಇದ್ದಿದ್ರ ಅವನೂ ಏಕಾದಶಿ ಬಿಡ್ತಿದ್ದಿಲ್ಲ," ಎಂದರು ಇವರು.

"ಹಂಗಾರ ನಿನ್ನ ಅಪ್ಪಗ ನೀ ಬ್ಯಾರೆ ಹಾಕು."

ಅಲ್ಲಿಗೆ ಅಪ್ಪನನ್ನೇ ಪಾಲು ಮಾಡಿದಂತಾಯಿತು. ಹೊಲ, ಮನೆ, ಪಾತ್ರೆ ಪಾಲು ಮಾಡಿಕೊಂಡವರನ್ನು ನೋಡಿದ್ದೇನೆ. ತೀರಿಹೋದ ತಂದೆಯನ್ನು ಪಾಲು ಮಾಡಿಕೊಂಡವರು ಇವರಿಬ್ಬರೇ. ಆ ಜೀವ ಒಂದು ದಿನ ಕಮಲಾಪುರದಲ್ಲಿ ಉಂಡು, ಮರುದಿನ ಕಲಬುರಗಿಗೆ ಬಂದು ಉಣ್ಣಬೇಕು. ಇವರು ಪಿಂಡ ಇಡುವಾಗ ಪ್ರತಿ ಸಲ ಪಕ್ಕದ ಖಾಲಿ ಜಾಗದ ಕಡೆ ನೋಡುತ್ತಿದ್ದರು. 'ಅಣ್ಣ ಬಾಜೂ ಇಲ್ಲಂದ್ರ ಮಂತ್ರ ಮರೀತದ,' ಎಂದು ಒಮ್ಮೆ ಅಂದದ್ದೂ ಉಂಟು.

ಜಗಳದ ಮೂರನೆಯ ವರ್ಷ ಯುಗಾದಿಗೆ ಹೊಸ ಪಂಚಾಂಗ ಬಂದಾಗ ನಾನು ಎರಡನ್ನೂ ತರಿಸಿ, ನೆಲದ ಮೇಲೆ ಪಕ್ಕಪಕ್ಕ ಹರವಿ, ಬೆರಳಿಟ್ಟು ನೋಡಿದೆ. ವೈಶಾಖದ ಆ ಏಕಾದಶಿ ಎರಡರಲ್ಲೂ ಒಂದೇ ದಿನ ಬಿದ್ದಿತ್ತು. ದೇವರು ನನಗೆ ಬಂಗಾರದ ಬಳೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಎರಡು ಮಠದವರನ್ನು ಒಂದು ದಿನದ ಮಟ್ಟಿಗಾದರೂ ಒಪ್ಪಿಸಿಕೊಟ್ಟ. ಅಣ್ಣತಮ್ಮ ಒಂದೇ ಸಾಲಿನಲ್ಲಿ ಕೂತು ತಂದೆಯ ಶ್ರಾದ್ಧ ಮಾಡಲು ಈ ವರ್ಷ ಅಡ್ಡಿಯಿಲ್ಲ. ಮುಂದಿನ ವರ್ಷದ ತಿಥಿ ಹೇಗೆ ಹರಿಯುತ್ತದೋ ಯಾರು ಬಲ್ಲರು.

"ಒಂದು ಫೋನ್ ಹಚ್ಚಿ ಬರ್ತೀನಿ ಅನ್ರಿ," ಎಂದೆ.

"ಕರೀಲಾರದ ಹ್ಯಾಂಗ ಹೋಗೂದು?"

ಗುಟ್ಟಿನಲ್ಲಿ ಕಮಲಾಪುರದ ವೈನಿಗೆ, ಅಂದರೆ ಭಾವನ ಹೆಂಡತಿಗೆ ಫೋನು ಮಾಡಿದೆ. ಅಲ್ಲಿಯೂ ಅದೇ ಕಥೆ. "ಕೇಳಲಾರದವನನ್ನ ಹ್ಯಾಂಗ ಕರೀಲಿ ಅಂತಾರವಾ," ಎಂದರು.

ನಾನು ಬಿಡಲಿಲ್ಲ. "ಫೋನ್ ಬ್ಯಾಡಂದ್ರ ನಿಮ್ಮ ರೇಡಿಯೋದಾಗ ಕೇಳ್ರಿ."

"ನನ್ನ ದನಿ ಕೇಳಿದ್ದ ತಡ, ಸೆಟ್ಟಿನ ಕಿವಿ ತಿರುವಿ ಬಂದ್ ಮಾಡ್ತಾನ," ಎಂದರು. ಆಮೇಲೆ, "ಅದೂ ಅಲ್ಲ. ಫೋನಿನಾಗ ಕೇಳಿದ್ರ ಅಂವ ಫಟ್ಟನೆ ಬ್ಯಾಡ ಅಂದುಬಿಟ್ರ? ಅಂದಮ್ಯಾಲ ಮುಗೀತು. ಬ್ಯಾಡ ಅನ್ನಲಿಕ್ಕೂ ದಿನಗಟ್ಟಲೆ ಹಿಡೀಬೇಕು, ಅಂಥಾದ್ದೊಂದು ದಾರಿ ಬೇಕು. ಅಂಥಾದ್ದೊಂದು ಅದ," ಎಂದರು.

ಅದೇ ಈ ಡ್ರಮ್ಮು.

ನನಗೆ ತಿಳಿದಷ್ಟು ಹೇಳುತ್ತೇನೆ, ಹೆಚ್ಚಿಗೆ ಕೇಳಬೇಡಿ. ಸಾಮಾನ್ಯ ರೇಡಿಯೋದ ಅಲೆ ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕುಣಿಯುತ್ತದಂತೆ. ಇದು ಕೆಲವೇ ಸಾವಿರ ಸಲ ಕುಣಿಯುವಂಥದು, ರೇಡಿಯೋದವರಲ್ಲಿ ಯಾರೂ ಕೇಳದ ತಳಮನೆಯ ಜಾಗ, ಅಲ್ಲಿ ಸಿಡಿಲಿನ ಕರಕರ ಬಿಟ್ಟರೆ ಏನಿಲ್ಲ. ಅಷ್ಟು ಮೆಲ್ಲಗೆ ಕುಣಿಯುವುದರಿಂದ ಅದಕ್ಕೆ ಬೇರೆ ಟ್ರಾನ್ಸ್‌ಮಿಟರ್ ಬೇಡ. ಮದುವೆ ಮನೆಯಲ್ಲಿ ಹಾಡು ಹಚ್ಚುವ ಆಂಪ್ಲಿಫೈಯರ್ ಸಾಕು, ಹಾರ್ನ್ ಕಟ್ಟುವ ಜಾಗದಲ್ಲಿ ಏರಿಯಲ್ ತಂತಿ ಕಟ್ಟಿದರಾಯಿತು. ಆದರೆ ಸಿಗ್ನಲ್ ಎಷ್ಟು ಕ್ಷೀಣವೆಂದರೆ ಮಾತು ಹೋಗುವುದಿಲ್ಲ. ಬರೀ ಚುಕ್ಕಿ ಮತ್ತು ಗೀಟು. ಅದೂ ಒಂದೊಂದು ಚುಕ್ಕಿಯನ್ನು ಬೇಳೆ ಬೇಯುವಷ್ಟು ಹೊತ್ತು ಹಿಡಿದಿಟ್ಟರೆ ಮಾತ್ರ ಆಕಡೆಯ ಕಂಪ್ಯೂಟರಿನ ಪರದೆಯ ಮೇಲೆ ಒಂದು ಬಿಳಿಯ ಗೆರೆ ಮೂಡುತ್ತದೆ. ಇದನ್ನು ಒಂದು ದಿನ ಮಾಡಿ ನೋಡಬೇಕೆಂಬುದು ಭಾವನ ಹಳೆಯ ಹಂಬಲ. "ಅಣ್ಣಗ ಸಿಟ್ಟು ನನ್ನ ಮ್ಯಾಲ. ಆ ಗೆರಿ ಮ್ಯಾಲ ಅಲ್ಲ. ನೋಡಲಾರದ ಇರಂಗಿಲ್ಲ," ಎಂದರು ಇವರು. ಇಂಥ ದಿನ ಇಂಥ ಹೊತ್ತಿಗೆ ಪರದೆ ನೋಡುವಂತೆ ಮಾಡುವ ಕೆಲಸ ನನ್ನದು ಮತ್ತು ವೈನಿಯದು. ಫೋನಿನಲ್ಲಿ.

ಆಂಪ್ಲಿಫೈಯರ್ ತರಲು ಸ್ಟೇಶನ್ ಬಜಾರದ ಖಾಜಾಮಿಯಾನ ಅಂಗಡಿಗೆ ನಾನೂ ಹೋಗಿದ್ದೆ. ಮೈಕ್ ಸೆಟ್ಟು ಬಾಡಿಗೆಗೆ ಕೊಡುವವನು.

"ಆವೋ ಸರ್. ಶಾದಿ ಕ್ಯಾ?"

"ಶಾದಿ ಅಲ್ಲ. ಆಂಪ್ಲಿಫೈಯರ್ ಅಷ್ಟ ಬೇಕು. ಮೈಕ್ ಬ್ಯಾಡ, ಹಾರ್ನ್ ಬ್ಯಾಡ."

"ಮೈಕ್ ನಕ್ಕೋ, ಹಾರ್ನ್ ನಕ್ಕೋ. ಮತ್ತ ಕೇಳವರು ಯಾರ್ರೀ?"

"ಕಮಲಾಪುರದಾಗ ಒಬ್ಬರು ಅದಾರ."

ಖಾಜಾಮಿಯಾ ನನ್ನ ಕಡೆ ತಿರುಗಿ, ದನಿ ಇಳಿಸಿ, "ಬಾಯಿಸಾಬ್, ಸಾಹೇಬ್ರ ತಬಿಯತ್ ಠೀಕ್ ಅದ ಅಲ್ರೀ?" ಎಂದ.

"ತಬಿಯತ್ತು ಛಲೋ ಅದ. ಅಣ್ಣನ ಜೋಡಿ ಮಾತು ಬಿಟ್ಟಾರ, ಅಷ್ಟ," ಎಂದೆ.

"ಭಾಯಿಭಾಯಿ ಝಗಡಾ ಕ್ಯಾ?" ಅವನು ಇಳಿಸಿದ್ದ ಸಣ್ಣ ಪೆಟ್ಟಿಗೆಯನ್ನು ವಾಪಸ್ ಮೇಲಿಟ್ಟ. "ಹಂಗಾರ ದೊಡ್ಡ ಸೆಟ್ ಒಯ್ರಿ. ಸಣ್ಣದರಾಗ ಆಗಂಗಿಲ್ಲ."

ಡ್ರಮ್ಮು ನಾನು ಬೇಸಿಗೆಯ ನೀರಿಗೆಂದು ಕೊಂಡದ್ದು. ಅಂಥ ಅಲೆಗೆ ತಕ್ಕ ಏರಿಯಲ್ ಎಂದರೆ ಮೈಲಿಗಟ್ಟಲೆ ಉದ್ದ ಬೇಕಂತೆ, ನಮ್ಮ ಮಾಳಿಗೆಯೋ ನಾಲ್ಕು ಹೆಜ್ಜೆ. ಇಲ್ಲದ ಉದ್ದ ಇದೆಯೆಂದು ತಂತಿಗೆ ನಂಬಿಸಲು ಅದನ್ನು ಡ್ರಮ್ಮಿಗೆ ಸುತ್ತಬೇಕು. ಕಪನೂರಿನ ಮೋಟರು ರಿಪೇರಿಯವರಿಂದ ತಂತಿ ತಂದರು. ಇವರು ಸುತ್ತಿದರೆ ಗೋಜಲು. ಲಕ್ಷಬತ್ತಿ ಹೊಸೆದ ಕೈ ನನ್ನದು. ಡ್ರಮ್ಮನ್ನು ಮಡಿಲಿಗೆಳೆದುಕೊಂಡು, ಎಳೆಯ ಮೇಲೆ ಎಳೆ ಬೀಳದ ಹಾಗೆ ನಾಮಸ್ಮರಣೆ ಮಾಡುತ್ತ ನಾನೇ ಸುತ್ತಿ ಮುಗಿಸಿದೆ. ಮಾಳಿಗೆಯ ಮೇಲೆ ಬಿದಿರು ನಿಲ್ಲಿಸಿ ತಂತಿ ಎಳೆದದ್ದಾಯಿತು. ಗುಂಡಿ ಒತ್ತಿದರು. ಮೀಟರಿನ ಮುಳ್ಳು ಸತ್ತ ಹಲ್ಲಿಯ ಬಾಲದ ಹಾಗೆ ಒಮ್ಮೆ ಅಲುಗಿ ಸುಮ್ಮನಾಯಿತು.

ಅರ್ಥಿಂಗ್ ಸಾಲದಂತೆ. ಒಂದು ತಂತಿ ಆಕಾಶಕ್ಕಾದರೆ ಇನ್ನೊಂದು ಹಸಿ ನೆಲಕ್ಕೆ ಹೋಗಬೇಕು. ವೈಶಾಖದ ಕಲಬುರಗಿಯಲ್ಲಿ ಹಸಿ ನೆಲ ಎಲ್ಲಿಂದ ತರುವುದು? ಕರಿಮಣ್ಣು ಬಾಯಿಬಿಟ್ಟು ಕೂತಿತ್ತು. ಇಡೀ ಅಂಗಳದಲ್ಲಿ ವರ್ಷವಿಡೀ ಒದ್ದೆಯಿರುವ ಜಾಗ ಒಂದೇ, ನಾನು ದಿನಾ ನೀರೆರೆಯುವ ತುಳಸಿ ಕಟ್ಟೆಯ ಬುಡ.

"ಅಲ್ಲೇ ಒಂದು ತಾಮ್ರದ ಸರಳು ಹೊಡೀತೀನಿ," ಎಂದರು.

"ಕರೆಂಟ್ ಬಿಟ್ಟ ತುಳಸಿ ಮಡಿಗೆ ಬರ್ತಾಳೇನ್ರಿ?"

"ಆ ಸರಳಿನಾಗ ಜುಮ್ಮನ್ನೂವಷ್ಟೂ ಇರಂಗಿಲ್ಲ. ಜೋರು ಇರೂದು ಮ್ಯಾಲಿನ ತಂತಿಯೊಳಗ, ಅದನ್ನ ಮುಟ್ಟಬ್ಯಾಡ. ತಾಮ್ರ ಶುದ್ಧ, ನೀರು ಶುದ್ಧ, ಭೂಮಿ ಶುದ್ಧ."

"ಮತ್ತ ನೀವು?"

ಅವರು ಸ್ನಾನ ಮಾಡಿರಲಿಲ್ಲ.

ನಮ್ಮ ಅಜ್ಜಿ ರೇಡಿಯೋದಲ್ಲಿ ಪುರಾಣ ಬಂದರೆ ಎದ್ದು ಹೋಗುತ್ತಿದ್ದಳು. 'ಹೇಳಾಂವ ಚಪ್ಪಲ್ ಮೆಟ್ಟಿ ಕೂತಾನೋ ಬಿಟ್ಟು ಕೂತಾನೋ ಯಾರಿಗೆ ಗೊತ್ತು' ಎನ್ನುವುದು ಅವಳ ತಕರಾರು. ಆ ರಕ್ತ ನನ್ನಲ್ಲೂ ಇದೆ. ತುಳಸಿಯ ಬುಡಕ್ಕೆ ಹೋಗುವ ತಂತಿ ಹಿಡಿಯುವವರು ಮಡಿಯಲ್ಲಿರಬೇಕು ಎಂದು ಹಟ ಹಿಡಿದೆ. ಒದ್ದೆ ಪಂಚೆಯುಟ್ಟು ಆಂಪ್ಲಿಫೈಯರ್ ಮುಟ್ಟಿದರೆ ತಮ್ಮದೇ ಶ್ರಾದ್ಧ ಮಾಡಬೇಕಾದೀತು ಎಂದರು ಅವರು. ಪೂಜೆಗೆ ಉಡುವ ರೇಷ್ಮೆಯ ಮಗುಟದ ಮೇಲೆ ರಾಜಿಯಾಯಿತು. ಉಟ್ಟ ಮೇಲೆ ಅವರಿಗೇ ಖುಷಿ. "ರೇಷ್ಮಿಯೊಳಗ ಕರೆಂಟ್ ಹಾಯೂದಿಲ್ಲ. ಹಿರೇರಿಗೆ ಗೊತ್ತಿತ್ತು ನೋಡು," ಎಂದರು. ಹಿರಿಯರು ಏನೇನು ಮುಂದಾಲೋಚನೆ ಮಾಡಿದ್ದರೋ, ಇದನ್ನಂತೂ ಮಾಡಿರಲಾರರು.

ಹೀಗೆ ನಮ್ಮ ಪಡಸಾಲೆಯಲ್ಲಿ ಬರಿಮೈ, ಗೋಪಿಚಂದನ, ಮಗುಟ, ಎದುರಿಗೆ ಮದುವೆಯ ಆಂಪ್ಲಿಫೈಯರ್. ಯಾರೂ ಹತ್ತಿರ ಹೋಗುವಂತಿಲ್ಲ, ಮಡಿ. ಮೊದಲ ದಿನ ನಾನು ಎಂದಿನಂತೆ ಪೂಜೆ ಮಾಡಿ ತುಳಸಿಗೆ ಒಂದು ತಂಬಿಗೆ ನೀರೆರೆದೆ. ಒಳಗಿಂದ ಕೂಗು ಬಂತು: "ಏರ್ತು. ಮುಳ್ಳು ಏರ್ತು. ಇನ್ನೊಂದು ತಂಬಿಗಿ ಹಾಕು."

ಹಾಕಿದೆ. "ಇನ್ನೊಂದು."

ಸುಮ್ಮನೆ ನೀರು ಸುರಿಯಲು ತುಳಸಿ ಏನು ಮೋರಿಯೇ? ಪ್ರತಿ ತಂಬಿಗೆಗೂ ಒಂದು ಶ್ಲೋಕ, ಒಂದು ಪ್ರದಕ್ಷಿಣೆ. ಮುಳ್ಳು ಇಳಿದಾಗಲೆಲ್ಲ ಕೂಗು, ಕೂಗು ಬಂದಾಗಲೆಲ್ಲ ನೀರು. ಮಟಮಟ ಮಧ್ಯಾಹ್ನ ನಾನು ಕೊಡ ಹೊತ್ತು ತುಳಸಿ ಸುತ್ತುವುದನ್ನು ಪಕ್ಕದ ಮನೆಯ ಮಹಾದೇವಿ ಗೋಡೆಯ ಮೇಲಿಂದ ನೋಡಿದಳು. ಅವಳು ಸಂಗಮೇಶ್ವರನ ಒಕ್ಕಲು, ಲಿಂಗಪೂಜೆ ತಪ್ಪಿಸಿದವಳಲ್ಲ, ಆದರೆ ಯಾರ ದೇವರನ್ನೂ ಕಡೆಗಣಿಸುವವಳೂ ಅಲ್ಲ.

"ಅಕ್ಕಾರ, ಯಾವ ವ್ರತ ಹಿಡದೀರಿ?"

"ವ್ರತ ಅಲ್ಲವಾ. ನಮ್ಮ ಮನೆಯವರ ರೇಡಿಯೋಕ್ಕ ನೀರು ಹಾಕ್ಲಿಕತ್ತೀನಿ."

ಮಹಾದೇವಿ ಬಹಳ ಹೊತ್ತು ನನ್ನ ಮುಖ ನೋಡಿದಳು. "ತಿಳೀತು ಬಿಡ್ರಿ. ಹೇಳಿದ್ರ ಫಲ ಹೋಗ್ತದ. ನಾ ಕೇಳಿದ್ದ ತಪ್ಪು."

ಮರುದಿನ ಕೊಡ ಹಿಡಿದು ಬಂದಳು. ಮನೆಯಲ್ಲಿ ಗ್ಯಾಸ್ ಮುಗಿದು, ಸಿಲಿಂಡರ್ ಬಾರದೆ, ಸೀಮೆಎಣ್ಣೆ ಒಲೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿದ್ದವು. ನೀರು ಹಾಕಿ ಹೋದಳು. ಸಂಜೆಗೆ ಸಿಲಿಂಡರ್ ಬಂತು. ಅದು ಬರುವ ದಿನವೇ ಆಗಿತ್ತು ಎಂದು ನಾನು ಹೇಳಿದರೆ ಕೇಳುವವರಾರು? ನೋಡನೋಡುತ್ತ ನಮ್ಮ ಓಣಿ, ಹಿಂದಿನ ಓಣಿ, ಕ್ಲಿನಿಕ್ಕಿನ ನರ್ಸಮ್ಮ, ಟ್ಯೂಷನ್ನಿನ ಟೀಚರ್ರು, ಎಲ್ಲ ಕೊಡ ಹಿಡಿದು ಸಾಲುಗಟ್ಟಿದರು. ಕಾಲೋನಿಗೆ ನಲ್ಲಿ ನೀರು ಬರುವುದೇ ಎಂದೋ ಒಮ್ಮೆ. ಮಕ್ಕಳ ಸ್ನಾನ ತಪ್ಪಿಸಿ ತಂದವರೂ ಇದ್ದರು. ನಾನು ಒಬ್ಬೊಬ್ಬರಿಗೂ ಇದು ಅರ್ಥಿಂಗ್ ಎಂದು ವಿವರಿಸಿದೆ. ಆ ಹೆಸರಿನ ವ್ರತವನ್ನು ತಾವು ಕೇಳಿಯೇ ಇರಲಿಲ್ಲ, ಯಾವ ಪುರಾಣದ್ದು ಎಂದು ಟೀಚರ್ರು ಕೇಳಿದರು. ಸಿಗ್ನಲ್ ಹೋಗುವಾಗ ಪಡಸಾಲೆಯ ಡ್ರಮ್ಮು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಮಹಾದೇವಿ ಕಟ್ಟೆಗೆ ಕಿವಿಗೊಟ್ಟು, "ತುಳಸವ್ವ ಉಸುರಾಡಾಕತ್ತಾಳ ನೋಡ್ರಿ," ಎಂದಳು.

"ಅದು ಡ್ರಮ್ಮು, ಮಹಾದೇವಿ."

"ಗೊತ್ತದ್ರೀ ಅಕ್ಕಾರ. ಜ್ವಾಕಿ, ಬಾಯಿ ಬಿಡಬ್ಯಾಡ್ರಿ."

ಒಳಗೆ ಬೇರೊಂದು ಪೇಚು. ಏನು ಕಳಿಸುವುದು? ಇವರು ಬರೆದುಕೊಂಡಿದ್ದ ಒಕ್ಕಣೆ 'ತೀರ್ಥರೂಪ ಸಮಾನರಾದ ಅಣ್ಣನವರ ಚರಣಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು' ಎಂದು ಶುರುವಾಗಿತ್ತು. ಒಂದು ಅಕ್ಷರಕ್ಕೆ ಅರ್ಧ ದಿನ ಹಿಡಿಯುತ್ತದೆ.

"ಇದು ಚರಣದ ತನಕ ಮುಟ್ಟೂದ್ರಾಗ ಗಣಪತಿ ಹಬ್ಬ ಬರ್ತದ," ಎಂದೆ. "'ನಾ ಬರಲಿ?' ಅಂತ ಕೇಳ್ರಿ, ಸಾಕು."

"ನಮಸ್ಕಾರ ಇಲ್ಲದನ?"

"ನಮಸ್ಕಾರ ಹೋಗಿ ಮಾಡ್ರಿ."

ಇಂಗ್ಲಿಷ್ ಅಕ್ಷರದಲ್ಲಿ 'ಬರಲಿ' ಎಂದು, ಒಟ್ಟು ಆರು ಅಕ್ಷರ, ಕಳಿಸಲು ಕೂತರು. ನಾನು ಸೆರಗು ಬಿಗಿದು ನೀರಿಗೂ ಫೋನಿಗೂ ಓಡಾಡಿದೆ.

"ಏನರೆ ಬಂತೇನ್ರಿ ವೈನಿ?"

"ತಡೀ, ಒಗ್ಗರಣಿ ಹಾಕಿ ಹೋಗಿ ನೋಡ್ತೀನಿ." ಫೋನಿನಲ್ಲಿ ಸಾಸಿವೆ ಸಿಡಿದ ಸದ್ದು, ಚಪ್ಪಲಿಯಿಲ್ಲದ ಹೆಜ್ಜೆ. "ಒಂದು ಬಿಳೀ ಗೀಟು ಕಾಣಸ್ತದ. ಇವರು ಕನ್ನಡಕ ವರಸಿ ವರಸಿ ನೋಡ್ಲಿಕತ್ತಾರ."

"ಏನಂತಾರ?"

"'ಭಾಳ ಗಲೀಜು ಕಳಸ್ತಾನ' ಅಂತಾರ. ಎದ್ದು ಮಾತ್ರ ಹೋಗವಲ್ರು. ಊಟಕ್ಕ ಕರದ್ರ ಕೈ ಮಾಡ್ತಾರ."

ಈ ಸುದ್ದಿಯನ್ನು ನಮ್ಮವರಿಗೆ ನೇರ ಹೇಳುವಂತಿಲ್ಲ, ಹೇಳಿದರೆ ಫೋನಿನಲ್ಲಿ ಕೇಳಿದಂತಾಯಿತಲ್ಲ. "ಕಮಲಾಪುರದ ಕಡೆ ಹವಾ ಛಲೋ ಅದಂತ," ಎಂದು ದೂರದಿಂದ ಗಾಳಿಗೆ ಹೇಳುತ್ತಿದ್ದೆ. ಅವರು ಮೀಟರಿನ ಕಡೆ ಮುಖ ಮಾಡಿ ನಗುತ್ತಿದ್ದರು. ಫೋನು ಒಂದು ಉಸಿರಿಗೆ ಮುಗಿಸುವ ಮಾತನ್ನು ಊರೆಲ್ಲ ನೀರು ಹೊತ್ತು ಎರಡು ದಿನದಿಂದ ಕಳಿಸುತ್ತಿದ್ದೆವು, ಅದು ಹೋಗುತ್ತಿದೆಯೋ ಇಲ್ಲವೋ ಎಂದು ಫೋನಿನಲ್ಲೇ ಕೇಳುತ್ತಿದ್ದೆವು. ಇದರಲ್ಲಿ ಏನೋ ತಮಾಷೆಯಿದೆ ಎಂದು ಆಗ ನನಗೆ ಹೊಳೆಯಲೇ ಇಲ್ಲ, ಅಷ್ಟು ಕೆಲಸವಿತ್ತು.

ದಶಮಿಯ ದಿನ ಬಂತು. ನಾಳೆ ಏಕಾದಶಿ, ನಾಡಿದ್ದು ಶ್ರಾದ್ಧ. ಮೂರು ಅಕ್ಷರ ಹೋಗಿ ನಾಲ್ಕನೆಯದು ಅರ್ಧಕ್ಕೆ ಬಂದಿತ್ತು. ಮೂಲೆಯ ಕಂಬದ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಮನೆಮನೆಗೂ ಕೂಲರ್ ಓಡುವ ದಿನಗಳು, ಅದರ ಜೀವವೂ ಎಷ್ಟು ತಡೆದೀತು? ಸಿಳ್ಳೆ ನಿಂತಿತು. ಲೈನ್‌ಮನ್ ಬಂದು ಕತ್ತೆತ್ತಿ ನೋಡಿ, "ಎರಡು ದಿನ ಆಗ್ತದ್ರಿ," ಎಂದು ಹೋದ.

ಇವರು ಹಾಗೇ ಕೂತಿದ್ದರು. ಫೋನಿನ ಕಡೆ ಕೈ ಹೋಗುವುದು, ಪಕ್ಕದ ದೀಪದ ಬತ್ತಿ ಸರಿಮಾಡಿದ ಹಾಗೆ ಮಾಡಿ ಹಿಂದೆ ಬರುವುದು.

"ಹಚ್ಚಿಕೊಡ್ಲೇನ್ರಿ?"

"ಬ್ಯಾಡ," ಎಂದರು. "ಅರ್ಧಕ್ಕ ನಿಂತದ್ದು ಅಂವಗ ಕಂಡಿರ್ತದ. ಕೇಳೂದೂ ಬ್ಯಾಡಾಗಿ ಬಿಟ್ಟಾನ ಅಂದ್ಕೋತಾನ. ಆತು. ಇಲ್ಲೇ ಮಾಡೂಣು ಈ ಸಲಾನೂ."

ನಾನು ದೇವರ ಮನೆಗೆ ಹೋಗಿ ಕೂತೆ. ಏನೂ ಕೇಳಿಕೊಳ್ಳಲು ತೋಚಲಿಲ್ಲ. ಎರಡು ಪಂಚಾಂಗ ಒಂದು ಮಾಡಿಕೊಟ್ಟವನಿಗೆ ಒಂದು ಟ್ರಾನ್ಸ್‌ಫಾರ್ಮರ್ ಕೇಳುವುದು ಅತಿಯಾಸೆ ಅನಿಸಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ವೈನಿ.

"ಇವರು ಎದ್ದು ಹೋದ್ರವಾ. ಗೀಟು ನಿಂತ ಮ್ಯಾಲೂ ಬರೀ ಪರದಿ ನೋಡ್ಕೋತ ಕೂತಿದ್ರು. ಆಮ್ಯಾಲ ಅಂಗಿ ಹಾಕ್ಕೊಂಡ್ರು, ಹಿತ್ತಲದ ಬಾಳಿಗೊನಿ ಕಡದು ಹೆಗಲಿಗಿಟ್ಟುಕೊಂಡ್ರು. ಎಲ್ಲಿಗಂದ್ರ ಮಾತಿಲ್ಲ."

ಕರೆಂಟು ಹೋದರೂ ನಮ್ಮ ಅಂಗಳದ ವ್ರತ ನಿಂತಿರಲಿಲ್ಲ. ಹೆಂಗಸರು ಸಾಲಿನಲ್ಲಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಗೇಟಿನಲ್ಲಿ ಭಾವ ನಿಂತಿದ್ದರು, ಹಣೆಯಲ್ಲಿ ಅಂಗಾರದ ಕಪ್ಪು ಗೀಟು, ಹೆಗಲ ಮೇಲೆ ಕಮಲಾಪುರದ ಕೆಂಪು ಬಾಳೆಯ ಗೊನೆ, ಮುಖ ಅದಕ್ಕಿಂತ ಕೆಂಪು. ಮಹಾದೇವಿ ನೋಡಿದಳು, ಒಂದೇ ನೋಟಕ್ಕೆ ತೀರ್ಮಾನಿಸಿದಳು.

"ಉದ್ಯಾಪನೀಗೆ ಆಚಾರ್ರು ಬಂದ್ರು. ದಾರಿ ಬಿಡ್ರೆವ್ವಾ."

ಮೂರು ವರ್ಷದ ಸಿಟ್ಟು ಹೊತ್ತು ತಮ್ಮನನ್ನು ಬೈಯಲು ಬಂದ ಮನುಷ್ಯ. ಹೆಂಗಸರು ಒಬ್ಬೊಬ್ಬರಾಗಿ ಕಾಲಿಗೆ ಬೀಳುತ್ತಿದ್ದರು, ಅವರು ಒಬ್ಬೊಬ್ಬರಿಗೂ "ದೀರ್ಘಸುಮಂಗಲಿ ಭವ, ಅಂವ ಎಲ್ಲಿದ್ದಾನ," "ದೀರ್ಘಸುಮಂಗಲಿ ಭವ, ಒಳಗಿದ್ದಾನೇನು," ಎನ್ನುತ್ತ ಮುಂದೆ ಮುಂದೆ ಬರುತ್ತಿದ್ದರು. ಗೊನೆಯನ್ನು ಮಹಾದೇವಿ ಇಳಿಸಿಕೊಂಡು ಪ್ರಸಾದವೆಂದು ಹಂಚಿಯೂಬಿಟ್ಟಳು. ಪಡಸಾಲೆ ಮುಟ್ಟುವ ಹೊತ್ತಿಗೆ ಭಾವನ ಕೈಯಲ್ಲಿ ಬರೀ ದಿಂಡು ಉಳಿದಿತ್ತು.

ಇವರು ಮಗುಟದಲ್ಲೇ ಎದ್ದು ನಿಂತರು.

"ನಾಕನೇ ಅಕ್ಷರದಾಗ ಯಾಕ ಬಿಟ್ಟಿ?" ಎಂದರು ಭಾವ. ಮೂರು ವರ್ಷದ ಮೇಲಿನ ಮೊದಲ ಮಾತು.

"ಕರೆಂಟ್ ಹೋತು, ಅಣ್ಣಾ."

"ಹೋಗ್ತದ. ಬ್ಯಾಟರಿ ಇಟ್ಟಿರಬೇಕು. ತಾರ್ ಹಿಡದಾಂವ ಹಿಡಿದ ಮಾತು ಮುಗಸಬೇಕಂತ ಎಷ್ಟು ಸರ್ತಿ ಹೇಳೀನಿ? ನಾ ಕುರ್ಚಿ ಬಿಟ್ಟು ಏಳಲ್ಯೋ ಬ್ಯಾಡೋ? ಊಟ ಬಿಟ್ಟು ಕೂತೀನಿ. ಈಗ ಹೇಳು, ಮುಂದಿಂದು ಏನಿತ್ತು?"

ಗೊತ್ತಿಲ್ಲದೆ ಕೇಳಿದ್ದಲ್ಲ. ಮೂರು ಅಕ್ಷರ ಬಂದ ಮೇಲೆ ತಾರಿನವರಿಗೆ ನಾಲ್ಕನೆಯದು ಹೇಳಿಕೊಡಬೇಕೇ? ಆದರೂ ದಿಂಡು ಹಿಡಿದುಕೊಂಡು ಕಾಯುತ್ತ ನಿಂತರು.

"ಅಪ್ಪನ ಶ್ರಾದ್ಧಕ್ಕ ನಾ ಬರಲಿ? ಅಂತ ಕೇಳೂದಿತ್ತು," ಎಂದರು ಇವರು. ಅದನ್ನು ಹೇಳಲು ಅವರಿಗೆ ಡ್ರಮ್ಮಿಗಿಂತ ಹೆಚ್ಚು ಹೊತ್ತು ಹಿಡಿಯಿತು.

"ಕೇಳೂದೇನದ ಅದರಾಗ? ನಾಳೆ ಏಕಾದಶಿ. ಇವತ್ತ ನಡೀರಿ ಇಬ್ಬರೂ."

ನಾಲ್ಕು ದಿನದಿಂದ ನನ್ನ ನೆರಳೂ ಸೋಕಬಾರದೆಂದು ದೂರ ಸರಿಯುತ್ತಿದ್ದ ಈ ಮಡಿವಂತರು ಬಸ್ಸಿನ ಧೂಳು ಮೆತ್ತಿದ ಆ ಕಾಲಿನ ಮೇಲೆ ಉದ್ದಕ್ಕೆ ಬಿದ್ದರು. ಬಿದ್ದವರು ಬೇಗ ಏಳಲಿಲ್ಲ. ಭಾವನೂ ಏಳು ಎನ್ನಲಿಲ್ಲ. ಡ್ರಮ್ಮಿನ ಕಡೆ ನೋಡುತ್ತ, "ಸುತ್ತಿದ್ದು ಮಾತ್ರ ಛಲೋ ಸುತ್ತೀ," ಎಂದರು. ಸುತ್ತಿದ ನನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಬಾಗಿಲಲ್ಲಿ ಮಹಾದೇವಿ ಬಾಳೆಹಣ್ಣು ಹಿಡಿದು ನಿಂತಿದ್ದಳು. "ನೋಡಿದ್ರ್ಯಾ ಅಕ್ಕಾರ, ನಿಮ್ಮ ವ್ರತ ಫಲಿಸ್ತು."

ವ್ರತ ಅಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ ಹಣ್ಣು ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ.

ದ್ವಾದಶಿಯ ದಿನ ಕಮಲಾಪುರದಲ್ಲಿ ಅಣ್ಣತಮ್ಮ ಪಕ್ಕಪಕ್ಕ ಕೂತು ಪಿಂಡ ಇಟ್ಟರು. ಒಬ್ಬರು ಮರೆತ ಮಂತ್ರ ಇನ್ನೊಬ್ಬರು ಹೇಳಿದರು. ಬ್ರಾಹ್ಮಣರ ಊಟ ಮುಗಿದ ಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ಎಲೆಗೆ ಕೂತರು. ಆ ಮನೆಯಲ್ಲಿ ಶ್ರಾದ್ಧದ ಊಟಕ್ಕೆ ಮಾತಿಲ್ಲ. ಅಡಿಗೆಯನ್ನು ಹೊಗಳುವಂತಿಲ್ಲ, ಹಳಿಯುವಂತಿಲ್ಲ. ನಾನು, ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ನಿಶ್ಶಬ್ದದಲ್ಲಿ ಟಕಟಕ ಎಂದು ಏನೋ ಸದ್ದು. ಬಗ್ಗಿ ನೋಡಿದೆ. ಭಾವನ ಎಡಗೈಯ ಬೆರಳು ಎಲೆಯ ಪಕ್ಕದ ನೆಲ ಬಡಿಯುತ್ತಿತ್ತು. ಅದು ನಿಂತಿತು. ನಮ್ಮವರ ಬೆರಳು ಶುರುವಾಯಿತು.

ತಾರಿನವರ ಜೊತೆ ಬಾಳುವೆ ಮಾಡಿದ ವೈನಿಗೆ ಆ ಚುಕ್ಕಿ ಗೀಟು ತಿಳಿಯುತ್ತಿತ್ತು, ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

"ಏನಂತಾರ್ರೀ?" ಪಿಸುಗುಟ್ಟಿದೆ.

"ಇವರು, 'ಸಾರಿಗೆ ಉಪ್ಪು ಕಡಿಮಿ' ಅಂದ್ರು."

ಸಾರು ಮಾಡಿದವಳು ನಾನು.

"ನಮ್ಮವರು?"

ವೈನಿ ಕಿವಿಗೊಟ್ಟರು. ನಮ್ಮವರ ಬೆರಳು ಇನ್ನೂ ಬಡಿಯುತ್ತಿತ್ತು.

"'ಮದಿವ್ಯಾದಾಗಿಂದ ಹಿಂಗ, ರೂಢಿ ಆಗೇದ' ಅನ್ನಾಂಗ ಕಾಣಸ್ತದ."

ನಾನು ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಇಬ್ಬರ ಎಲೆಗೂ ಇನ್ನೊಂದು ಸೌಟು ಬಡಿಸಿದೆ. ಇಬ್ಬರೂ ಬೇಡವೆನ್ನಲಿಲ್ಲ.